ಚದುರಿದವರ ಕಿರಾಣಿ ಅಂಗಡಿ

ಅಮೆರಿಕದ ಬಾಸ್ಟನ್ ನಗರದ ಪಕ್ಕದಲ್ಲೇ, ಚಾರ್ಲ್ಸ್ ನದಿಯ ದಂಡೆಯ ಮೇಲೆ ವಾಟರ್‌ಟೌನ್ ಎಂಬ ಊರಿದೆ. ಜನಸಂಖ್ಯೆ ಸುಮಾರು 35 ಸಾವಿರ. ಅಲ್ಲಿನ ಮೌಂಟ್ ಆಬರ್ನ್ ರಸ್ತೆಯಲ್ಲಿ, ಒಂದರಿಂದ ಇನ್ನೊಂದಕ್ಕೆ ಕೂಗಳತೆಯಷ್ಟೇ ದೂರದಲ್ಲಿ, ಮೂರು ಅರ್ಮೇನಿಯನ್ ಅಂಗಡಿಗಳು ಹೆಸರು ಮಾಡಿವೆ: ಅರಾಕ್ಸ್ ಮಾರ್ಕೆಟ್, ಮಾಸಿಸ್ ಬೇಕರಿ, ಸೆವಾನ್ ಬೇಕರಿ. ಒಂದಕ್ಕೆ ನದಿಯ ಹೆಸರು, ಒಂದಕ್ಕೆ ಬೆಟ್ಟದ್ದು, ಮತ್ತೊಂದಕ್ಕೆ ಸರೋವರದ್ದು. ಅರಾಕ್ಸ್ ನದಿ ಇಂದಿನ ಅರ್ಮೇನಿಯಾ ದೇಶದ ಗಡಿಯಲ್ಲಿ ಹರಿಯುತ್ತದೆ. ಅರ್ಮೇನಿಯನ್ನರು ಮಾಸಿಸ್ ಎಂದು ಕರೆಯುವ ಅರಾರತ್ ಪರ್ವತ ರಾಜಧಾನಿ ಯೆರೆವಾನಿನ ಮನೆಗಳ ಕಿಟಕಿಯಿಂದಲೇ ಕಾಣುತ್ತದೆ, ಆದರೆ ಇರುವುದು ಟರ್ಕಿಯ ನೆಲದಲ್ಲಿ. ಸೆವಾನ್ ಸರೋವರವೊಂದೇ ಪೂರ್ತಿಯಾಗಿ ದೇಶದೊಳಗೆ ಉಳಿದಿರುವುದು.

ಇಂಥ ಅಂಗಡಿಗಳ ಒಳಗಿನ ಜೋಡಣೆ ಹೆಚ್ಚುಕಡಿಮೆ ಒಂದೇ ರೀತಿ. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಕಿರಿದಾದ ಓಣಿಗಳು. ಒಂದು ಬದಿ ಗಾಜಿನ ಪೆಟ್ಟಿಗೆಯಲ್ಲಿ ಉಪ್ಪುನೀರಿನಲ್ಲಿ ಮುಳುಗಿದ ಚೀಸ್ ಗಟ್ಟಿಗಳು, ಬಕೆಟ್ಟುಗಳಲ್ಲಿ ಕಪ್ಪು, ಹಸಿರು, ಕಂದು ಬಣ್ಣದ ಆಲಿವ್ ಕಾಯಿಗಳು. ಇನ್ನೊಂದು ಬದಿ ಬೇಳೆಕಾಳು, ನುಚ್ಚು, ಒಣಹಣ್ಣು. ಗಲ್ಲಾದ ಹತ್ತಿರ ಆಗಷ್ಟೇ ಬಂದ ರೊಟ್ಟಿಯ ಕಟ್ಟುಗಳು. ಮೆಂತ್ಯ, ಬೆಳ್ಳುಳ್ಳಿ, ಕಾಫಿಪುಡಿ ಕೂಡಿದ ವಾಸನೆ ಬಾಗಿಲಲ್ಲೇ ಎದುರುಗೊಳ್ಳುತ್ತದೆ.

ಅರ್ಮೇನಿಯಾ ದೇಶದ ಸರಕು ಮಾರುವ ಅಂಗಡಿ ಇದು ಎಂದುಕೊಂಡು ಒಳಹೊಕ್ಕವರು ಡಬ್ಬಿಗಳ ಬೆನ್ನು ತಿರುಗಿಸಿ ನೋಡಿದಾಗ ಗೊಂದಲಕ್ಕೆ ಬೀಳುತ್ತಾರೆ. ಎಳ್ಳಿನ ತಹಿನಿ ಲೆಬನಾನಿನದು, ಚೀಸ್ ಬಲ್ಗೇರಿಯಾದ್ದು, ಆಲಿವ್ ಗ್ರೀಸಿನದು, ದ್ರಾಕ್ಷಿ ಎಲೆ ಕ್ಯಾಲಿಫೋರ್ನಿಯಾದ್ದು. ಅರ್ಮೇನಿಯಾದಿಂದಲೇ ಬಂದದ್ದು ಜರ್ಮುಕ್ ಖನಿಜಯುಕ್ತ ನೀರಿನ ಬಾಟಲಿ, ಜರ್ದಾಳು ಹಣ್ಣಿನ ಜಾಮ್ ಮತ್ತು ಇನ್ನು ಕೆಲವು. ಇದು ಕಲಬೆರಕೆಯಲ್ಲ. ಒಂದು ಜನಾಂಗ ಎಲ್ಲೆಲ್ಲಿ ಚದುರಿ, ಎಲ್ಲೆಲ್ಲಿ ಒಲೆ ಹೂಡಿತೋ ಆ ದಾರಿಯೆಲ್ಲ ಈ ಕಪಾಟುಗಳಲ್ಲಿ ಕೂತಿದೆ.

ಆ ದಾರಿಯ ಕಥೆ ಗೊತ್ತಿಲ್ಲದೆ ಅಂಗಡಿ ಅರ್ಥವಾಗುವುದಿಲ್ಲ. ಒಟ್ಟೊಮನ್ ಸಾಮ್ರಾಜ್ಯದ ಆಡಳಿತ 1915ರಲ್ಲಿ ಶುರುಮಾಡಿದ ನರಮೇಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಸತ್ತರೆಂದು ಬಹುಪಾಲು ಇತಿಹಾಸಕಾರರು ಹೇಳುತ್ತಾರೆ. ಮರಾಶ್, ಐನ್‌ತಾಪ್, ಅದಾನಾ, ಖಾರ್ಬೆರ್ತ್ ಮುಂತಾದ ಊರುಗಳಿಂದ ಸಿರಿಯಾದ ಮರುಭೂಮಿಯತ್ತ ನಡೆಸಿಕೊಂಡು ಹೋದವರಲ್ಲಿ ಬದುಕುಳಿದವರು ಅಲೆಪ್ಪೊ, ಬೈರೂತ್ ನಗರಗಳ ನಿರಾಶ್ರಿತರ ಬಿಡಾರಗಳಲ್ಲಿ, ಅನಾಥಾಲಯಗಳಲ್ಲಿ ನೆಲೆ ಕಂಡರು. ಬೈರೂತಿನ ಅಂಚಿನ ಬುರ್ಜ್ ಹಮ್ಮೂದ್ ಎಂಬ ಬಡಾವಣೆ ಹುಟ್ಟಿದ್ದೇ ಹೀಗೆ. ಅದರ ಕೇರಿಗಳಿಗೆ ಕಳೆದುಕೊಂಡ ಊರುಗಳ ಹೆಸರನ್ನೇ ಇಟ್ಟರು: ಹೊಸ ಮರಾಶ್, ಹೊಸ ಅದಾನಾ, ಹೊಸ ಸಿಸ್. ಕೆಲವರು ಇನ್ನೂ ಮುಂದೆ ಹೋಗಿ ಅಮೆರಿಕ ಸೇರಿದರು. ವಾಟರ್‌ಟೌನಿನಲ್ಲಿ 1896ರಲ್ಲಿ ಶುರುವಾಗಿದ್ದ ಹುಡ್ ರಬ್ಬರ್ ಕಂಪನಿ ಬೂಟು, ಬೂಟಿನ ಮೇಲೆ ತೊಡುವ ಗಲೋಶು ತಯಾರಿಸುತ್ತಿತ್ತು. ಭಾಷೆ ಬಾರದವರಿಗೂ ಅಲ್ಲಿ ಕೆಲಸ ಸಿಗುತ್ತಿತ್ತು. ಕಾರ್ಖಾನೆಯ ಸುತ್ತ ಮನೆಗಳಾದವು, ಚರ್ಚು ಬಂತು, ಪತ್ರಿಕೆ ಬಂತು, ಅಂಗಡಿಗಳು ಬಂದವು. 1975ರಲ್ಲಿ ಲೆಬನಾನಿನ ಅಂತರ್ಯುದ್ಧ, 1979ರಲ್ಲಿ ಇರಾನಿನ ಕ್ರಾಂತಿ, 1991ರಲ್ಲಿ ಸೋವಿಯತ್ ಒಕ್ಕೂಟದ ಪತನ, 2011ರ ನಂತರ ಸಿರಿಯಾದ ಯುದ್ಧ. ಪ್ರತಿ ಏಟಿಗೂ ಹೊಸದೊಂದು ಗುಂಪು ಬಂದಿಳಿಯಿತು. ಬೈರೂತಿನಿಂದ ಬಂದವರು ತಮ್ಮ ಕಾಫಿಯನ್ನು ಕೇಳಿದರು, ಯೆರೆವಾನಿನವರು ತಮ್ಮ ಸೊಪ್ಪನ್ನು ಕೇಳಿದರು. ಅಂಗಡಿಯವರು ಎರಡನ್ನೂ ತರಿಸಿದರು.

ಇಂಥ ಅಂಗಡಿಗೆ ಮೊದಲ ಸಲ ಹೋದವರು ನುಚ್ಚಿನಿಂದಲೇ ಶುರುಮಾಡುವುದು ಒಳ್ಳೆಯದು. ಬುಲ್ಗುರ್ ಎಂದರೆ ಗೋಧಿಯನ್ನು ಬೇಯಿಸಿ, ಒಣಗಿಸಿ, ಆಮೇಲೆ ಒಡೆದು ಜರಡಿ ಹಿಡಿದದ್ದು. ನಮ್ಮ ಗೋಧಿ ನುಚ್ಚು ಹಸಿ ಗೋಧಿಯನ್ನು ಒಡೆದದ್ದಾದ್ದರಿಂದ ಒಂದರ ಬದಲು ಇನ್ನೊಂದನ್ನು ಬಳಸಿದರೆ ಅಡುಗೆ ಕೆಡುತ್ತದೆ. ಪೊಟ್ಟಣದ ಮೇಲೆ 1ರಿಂದ 4ರವರೆಗೆ ನಂಬರ್ ಇರುತ್ತದೆ. 1 ಎಂದರೆ ಸಣ್ಣ ರವೆಯಷ್ಟು. ಇದನ್ನು ಒಲೆಯ ಮೇಲಿಡುವ ಅಗತ್ಯವೇ ಇಲ್ಲ, ಬಿಸಿನೀರಿನಲ್ಲೋ ಬಿಸಿ ಗೊಜ್ಜಿನಲ್ಲೋ ನೆನೆದರೆ ಸಾಕು. ಈರುಳ್ಳಿ, ಟೊಮೇಟೊ, ದಪ್ಪ ಮೆಣಸಿನಕಾಯಿ ಬಾಡಿಸಿ, ಅದರಲ್ಲಿ 1ನೇ ನಂಬರಿನ ಬುಲ್ಗುರ್ ನೆನೆಸಿ, ನಿಂಬೆರಸ ಹಿಂಡಿ, ಕೊತ್ತಂಬರಿಯಂತೆ ಕಾಣುವ ಪಾರ್ಸ್ಲಿ ಸೊಪ್ಪು ಉದುರಿಸಿದರೆ ‘ಈಚ್’ ಎಂಬ ತಿನಿಸು ಸಿದ್ಧ. 3 ಮತ್ತು 4ನೇ ನಂಬರು ಪಲಾವಿನಂಥ ಪಿಲಾಫಿಗೆ. ಅಂಗಡಿಯವರ ಬಳಿ ಬರೀ ಬುಲ್ಗುರ್ ಬೇಕು ಎಂದರೆ ಅವರು ಮರುಪ್ರಶ್ನೆ ಹಾಕುತ್ತಾರೆ: ಯಾವುದಕ್ಕೆ? ಮಾಡುವ ಅಡುಗೆಯ ಹೆಸರು ಹೇಳಿದರೆ ನಂಬರನ್ನು ಅವರೇ ಹೇಳುತ್ತಾರೆ. ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ ಒಂದೇ ದಪ್ಪದ ಬುಲ್ಗುರ್ ಸಿಗಬಹುದು, ಈ ಪ್ರಶ್ನೆ ಸಿಗುವುದಿಲ್ಲ.

ನುಚ್ಚಿನ ಪಕ್ಕದಲ್ಲೇ ಹೊಟ್ಟು ತೆಗೆದ ಇಡೀ ಗೋಧಿ ಇರುತ್ತದೆ. ಹೊಸ ವರ್ಷ ಮತ್ತು ಕ್ರಿಸ್‌ಮಸ್ ಹತ್ತಿರ ಬಂದಾಗ ಇದರ ಮಾರಾಟ ಏರುತ್ತದೆ. (ಅರ್ಮೇನಿಯನ್ ಚರ್ಚಿನ ಕ್ರಿಸ್‌ಮಸ್ ಜನವರಿ 6ಕ್ಕೆ.) ಗೋಧಿಯನ್ನು ಹೂವಿನಂತೆ ಅರಳುವವರೆಗೆ ಬೇಯಿಸಿ, ಸಕ್ಕರೆ, ಒಣ ಜರ್ದಾಳು, ಒಣದ್ರಾಕ್ಷಿ ಹಾಕಿ, ಕೆಲವೊಮ್ಮೆ ಗುಲಾಬಿ ನೀರು ಚಿಮುಕಿಸಿ, ಮೇಲೆ ಬಾದಾಮಿ, ಅಕ್ರೋಟು, ದಾಳಿಂಬೆ ಕಾಳು ಜೋಡಿಸಿ ಮಾಡುವ ‘ಅನುಷಾಬುರ್’ ಆ ಹಬ್ಬದ ಸಿಹಿ. ಅದೇ ಗೋಧಿಯನ್ನು ಮಾಂಸದ ಜೊತೆ ಗಂಟೆಗಟ್ಟಲೆ ತಿರುವಿ ಮಾಡಿದ್ದು ಹರಿಸ್ಸಾ. ಅದರೊಂದಿಗೆ ಒಂದು ನೆನಪೂ ಬೆರೆತಿದೆ. 1915ರಲ್ಲಿ ಮೆಡಿಟರೇನಿಯನ್ ದಂಡೆಯ ಮುಸಾ ದಾಘ್ ಬೆಟ್ಟದ ಅರ್ಮೇನಿಯನ್ ಹಳ್ಳಿಗರು ಊರು ಬಿಡುವ ಆಜ್ಞೆಯನ್ನು ಧಿಕ್ಕರಿಸಿ ಬೆಟ್ಟ ಹತ್ತಿ, ವಾರಗಟ್ಟಲೆ ಒಟ್ಟೊಮನ್ ಸೈನ್ಯದ ಎದುರು ನಿಂತರು. ಕೊನೆಗೆ ಫ್ರೆಂಚ್ ಯುದ್ಧನೌಕೆಗಳು ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಪಾರುಮಾಡಿದವು. ಅವರ ವಂಶದವರು ಲೆಬನಾನಿನ ಅಂಜಾರಿನಲ್ಲಿ, ಅರ್ಮೇನಿಯಾದ ಮುಸಾಲೇರಿನಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ದೊಡ್ಡ ಕಡಾಯಿಗಳನ್ನಿಟ್ಟು ರಾತ್ರಿಯೆಲ್ಲ ಹರಿಸ್ಸಾ ಬೇಯಿಸಿ ಊರಿಗೆಲ್ಲ ಹಂಚುತ್ತಾರೆ.

ಗೋಧಿಯ ಸಾಲಿನಲ್ಲೇ ಕನ್ನಡಿಗರ ಕಣ್ಣು ಸೆಳೆಯಬೇಕಾದ ಇನ್ನೊಂದು ಕಾಳಿದೆ. ಯೆರೆವಾನಿನ ಸರಕು ತರಿಸುವ ಅಂಗಡಿಗಳಲ್ಲಿ ಅದನ್ನು ‘ಹಚಾರ್’ ಎಂದು ಮಾರುತ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆ ರೈತರು ಇಂದಿಗೂ ಬೆಳೆಯುವ ಸದಕ ಅಥವಾ ಜವೆ ಗೋಧಿಯ ಜಾತಿಯೇ ಇದು. ಹುಗ್ಗಿಗೆ, ಶಾವಿಗೆಗೆ ನಮ್ಮವರು ಬಯಸುವ ಗೋಧಿ ಅಲ್ಲಿ ಈರುಳ್ಳಿ, ಬೆಣ್ಣೆಯೊಡನೆ ಪಿಲಾಫ್ ಆಗುತ್ತದೆ. ಬಾಸ್ಟನ್ನಿನಲ್ಲೋ ಲಾಸ್ ಏಂಜಲೀಸಿನಲ್ಲೋ ನೆಲೆಸಿರುವ ಉತ್ತರ ಕರ್ನಾಟಕದ ಮನೆಯವರು ಒಂದು ಪೊಟ್ಟಣ ತಂದು ನೋಡಬೇಕು.

ಖಾರದ ವಿಷಯಕ್ಕೆ ಬಂದರೆ, ಅರ್ಮೇನಿಯನ್ ಅಂಗಡಿಯ ಹೆಮ್ಮೆ ಅಲೆಪ್ಪೊ ಮೆಣಸಿನಕಾಯಿ. ಕೆಂಪಗೆ ಹಣ್ಣಾದ ಕಾಯನ್ನು ಬಿಸಿಲಿಗೆ ಹಾಕಿ, ಬೀಜ ತೆಗೆದು, ತರಿತರಿಯಾಗಿ ಕುಟ್ಟಿ, ತುಸು ಉಪ್ಪು, ಎಣ್ಣೆ ಸವರಿ ಇಡುತ್ತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯಂತೆ ಬಣ್ಣ ಗಾಢ, ಖಾರ ಹಿತ. ಒಳ್ಳೆಯ ಸರಕು ಮುಟ್ಟಿದರೆ ತುಸು ಒದ್ದೆಯೆನಿಸುತ್ತದೆ. ಪುಡಿಪುಡಿಯಾಗಿ ಒಣಗಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಸಿರಿಯಾದ ಯುದ್ಧ ಅಲೆಪ್ಪೊ ಸೀಮೆಯ ಬೆಳೆ, ವ್ಯಾಪಾರ ಎರಡನ್ನೂ ಹಾಳುಮಾಡಿದ ಮೇಲೆ ಆ ಹೆಸರಿನಲ್ಲಿ ಸಿಗುವ ಬಹಳಷ್ಟು ಮೆಣಸಿನಕಾಯಿ ಟರ್ಕಿಯಲ್ಲಿ ಬೆಳೆದದ್ದು. ಅದರ ಸೋದರ ತಳಿ ಮರಾಶ್ ಮೆಣಸಿನಕಾಯಿಯಂತೂ ನೇರವಾಗಿ ಟರ್ಕಿಯ ಮರಾಶ್ ಪಟ್ಟಣದ್ದೇ. ಆ ಊರಿನಿಂದ ಓಡಿಬಂದವರ ಮೊಮ್ಮಕ್ಕಳು ಅಮೆರಿಕದಲ್ಲಿ ಅದನ್ನು ತೂಕ ಮಾಡಿಸಿಕೊಂಡು ಒಯ್ಯುತ್ತಾರೆ. ಟರ್ಕಿಯ ಸರಕನ್ನು ಮನೆಯೊಳಗೆ ತರಲು ಮನಸ್ಸು ಒಪ್ಪದವರೂ ಇದ್ದಾರೆ. ಇಬ್ಬರ ನೋವಿಗೂ ಕಾರಣ ಒಂದೇ ಆದ್ದರಿಂದ ಯಾರು ಸರಿ ಎಂದು ಹೊರಗಿನವರು ತೀರ್ಪು ಕೊಡುವಂಥದ್ದಲ್ಲ.

ಪಕ್ಕದಲ್ಲೇ ದಾಳಿಂಬೆ ಪಾಕದ ಬಾಟಲಿಗಳಿರುತ್ತವೆ. ಅಸಲಿ ಪಾಕವೆಂದರೆ ಹುಳಿ ದಾಳಿಂಬೆಯ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ್ದು, ಅಷ್ಟೇ. ಅಗ್ಗದ ಬಾಟಲಿಗಳಲ್ಲಿ ಗ್ಲೂಕೋಸ್ ಪಾಕ, ಸಿಟ್ರಿಕ್ ಆಮ್ಲ, ಬಣ್ಣ ಸೇರಿರುತ್ತದೆ. ಹಿಂಬದಿಯ ಚೀಟಿಯಲ್ಲಿ ದಾಳಿಂಬೆಯ ಹೆಸರೊಂದೇ ಇದ್ದರೆ ಕೊಳ್ಳಬಹುದು.

ಚೀಸ್ ಪೆಟ್ಟಿಗೆಯ ಮುಂದೆ ಆತುರ ಮಾಡಬಾರದು. ಫೆಟಾ ಜಾತಿಯ ಬಿಳಿ ಚೀಸ್‌ಗಳಲ್ಲೇ ಬಲ್ಗೇರಿಯಾದ್ದು ಹುಳಿ, ಉಪ್ಪು ಜೋರು. ಫ್ರಾನ್ಸಿನದು ಮೆದು, ಹಿತ. ಯಾವುದು ಬೇಕೆಂದು ಹೇಳಲಾಗದೆ ನಿಂತವರಿಗೆ ಚೂರೊಂದನ್ನು ಕತ್ತರಿಸಿ ಕೈಗಿಡುವುದು ಇಂಥ ಅಂಗಡಿಗಳ ರೂಢಿ. ಹೆಣೆದ ಜಡೆಯಂತೆ ತಿರುಚಿ ಕಟ್ಟಿದ ಎಳೆಚೀಸ್ ಅರ್ಮೇನಿಯನ್ನರ ವಿಶೇಷ. ಹಾಲಿನ ಗಟ್ಟಿಯನ್ನು ಬಿಸಿಯಲ್ಲಿ ಹಿಗ್ಗಿಸಿ, ಮಡಚಿ, ಮತ್ತೆ ಹಿಗ್ಗಿಸಿ ಎಳೆಯಾಗಿಸುತ್ತಾರೆ. ನಡುನಡುವೆ ಕಲೋಂಜಿ ಬೀಜ, ತುಸು ಮಹ್ಲಬ್ ಪುಡಿ. ಮಹ್ಲಬ್ ಎಂದರೆ ಒಂದು ಜಾತಿಯ ಕಾಡು ಚೆರ್ರಿ ಹಣ್ಣಿನ ಓಟೆಯೊಳಗಿನ ತಿರುಳು. ಕಹಿ ಬಾದಾಮಿಯ ಸುಳಿವಿರುವ ಪರಿಮಳ ಅದರದ್ದು. ಎಳೆಚೀಸ್ ಉಪ್ಪಾಗಿರುವುದರಿಂದ ಮನೆಗೆ ತಂದು ಸ್ವಲ್ಪ ಹೊತ್ತು ನೀರಿನಲ್ಲಿಟ್ಟು, ಕೂದಲೆಳೆಯಷ್ಟು ಸಣ್ಣದಾಗಿ ಬಿಡಿಸಿ ತಿನ್ನುತ್ತಾರೆ. ಬಿಡಿಸುವ ಕೆಲಸಕ್ಕೆ ಮನೆಯ ಮಕ್ಕಳು ಮುಂದೆ.

ಮಾಂಸ ತಿನ್ನುವವರಿಗೆ ಈ ಅಂಗಡಿಯ ಪರೀಕ್ಷೆಯ ಪದಾರ್ಥ ಬಸ್ತುರ್ಮಾ. ದನದ ಮಾಂಸದ ಗಟ್ಟಿ ತುಂಡನ್ನು ಉಪ್ಪಿನಲ್ಲಿಟ್ಟು, ಭಾರ ಹೇರಿ ನೀರು ತೆಗೆದು, ಗಾಳಿಗೆ ಒಣಗಿಸಿ, ಆಮೇಲೆ ‘ಚಮನ್’ ಎಂಬ ಮಸಾಲೆಯನ್ನು ದಪ್ಪನಾಗಿ ಮೆತ್ತಿ ಮತ್ತೆ ಒಣಗಿಸುತ್ತಾರೆ. ಚಮನ್‌ನ ಜೀವ ಮೆಂತ್ಯದ ಹಿಟ್ಟು. ಅದಕ್ಕೆ ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ, ಜೀರಿಗೆ ಸೇರುತ್ತವೆ. ಯಂತ್ರದಲ್ಲಿ ಕಾಗದದಷ್ಟು ತೆಳ್ಳಗೆ ಕೊಯ್ಯಿಸಿಕೊಂಡು ಮೊಟ್ಟೆಯೊಡನೆಯೋ ರೊಟ್ಟಿಯೊಳಗೋ ಇಟ್ಟು ತಿನ್ನುವುದು ವಾಡಿಕೆ. ತಿಂದವರ ಬೆವರಿನಲ್ಲಿ ಮೆಂತ್ಯದ ವಾಸನೆ ಮರುದಿನವೂ ಇರುತ್ತದೆ ಎಂಬುದು ಎಲ್ಲ ಅರ್ಮೇನಿಯನ್ ಮನೆಗಳಿಗೂ ಗೊತ್ತಿರುವ ಸಂಗತಿ. ಲಾಸ್ ಏಂಜಲೀಸಿನ ಪೂರ್ವ ಹಾಲಿವುಡ್‌ನಲ್ಲಿ ಬಸ್ತುರ್ಮಾ ಒಂದಕ್ಕೇ ಹೆಸರಾದ ಪುಟ್ಟ ಅಂಗಡಿಯಿದೆ, ಹೆಸರು ಸಹಾಗ್ಸ್ ಬಸ್ತುರ್ಮಾ. ಕೆಲವು ಅಂಗಡಿಗಳಲ್ಲಿ ಚಮನ್ ಮಸಾಲೆಯೊಂದನ್ನೇ ಕೊಳ್ಳಬಹುದು. ಮಾಂಸ ಬೇಡದವರಿಗೆ ರೊಟ್ಟಿಗೆ ಸವರಿಕೊಳ್ಳಲು ಅದು ಸೊಗಸು.

ರೊಟ್ಟಿಯ ಮಾತಿಗೆ ಬಂದರೆ ಲವಾಶ್. ನೆಲದಲ್ಲಿ ಹುಗಿದ ‘ತೊನಿರ್’ ಎಂಬ ಮಣ್ಣಿನ ಒಲೆಯ ಸುತ್ತ ಹೆಂಗಸರು ಕುಳಿತು, ಒಬ್ಬರು ಉಂಡೆ ಕಟ್ಟಿ, ಒಬ್ಬರು ಲಟ್ಟಿಸಿ, ಇನ್ನೊಬ್ಬರು ದಿಂಬಿನಂಥ ಹಾಸಿನ ಮೇಲೆ ಎಳೆದು ಒಲೆಯ ಒಳಗೋಡೆಗೆ ಬಡಿಯುತ್ತಾರೆ. ಅರೆನಿಮಿಷದಲ್ಲಿ ಬೆಂದು ಬರುತ್ತದೆ. ಚಳಿಗಾಲಕ್ಕೆಂದು ಒಣಗಿಸಿ ಅಟ್ಟಿಯಾಗಿ ಪೇರಿಸಿಟ್ಟರೆ ತಿಂಗಳುಗಟ್ಟಲೆ ಕೆಡದು. ನೀರು ಚಿಮುಕಿಸಿ ಬಟ್ಟೆ ಮುಚ್ಚಿದರೆ ಮತ್ತೆ ಮೆತ್ತಗಾಗುತ್ತದೆ. ಮದುವೆಯಲ್ಲಿ ಸಮೃದ್ಧಿಗೆಂದು ಹೊಸ ಜೋಡಿಯ ಹೆಗಲ ಮೇಲೆ ಲವಾಶ್ ಹೊದಿಸುತ್ತಾರೆ. ಯುನೆಸ್ಕೊ 2014ರಲ್ಲಿ ಅರ್ಮೇನಿಯಾದ ಲವಾಶ್ ಕಸುಬನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ವರ್ಷದ ನಂತರ ಇರಾನ್, ಟರ್ಕಿ, ಅಜರ್‌ಬೈಜಾನ್, ಕಜಾಕಸ್ತಾನ, ಕಿರ್ಗಿಸ್ತಾನಗಳ ಜಂಟಿ ಅರ್ಜಿಯ ಮೇಲೆ ಅವರ ತೆಳುರೊಟ್ಟಿಗಳೂ ಅದೇ ಪಟ್ಟಿಗೆ ಬಂದವು. ಗಡಿ ಹಾಕಿಕೊಂಡ ದೇಶಗಳು ಒಂದೇ ರೊಟ್ಟಿಯನ್ನು ತಮ್ಮದೆಂದು ಹೇಳುತ್ತಿವೆ, ಎಲ್ಲರ ಮಾತಿನಲ್ಲೂ ನಿಜವಿದೆ. ಅಮೆರಿಕದಲ್ಲಿ ಗಟ್ಟಿಯಾಗಿ ಗರಿಗರಿ ಮಾಡಿದ ಲವಾಶನ್ನು ಊರೂರಿಗೆ ಪರಿಚಯಿಸಿದವರಲ್ಲಿ ಫ್ರೆಸ್ನೋ ಪಟ್ಟಣದ ವ್ಯಾಲಿ ಲಾವೋಶ್ ಬೇಕರಿಯೂ ಒಂದು. ಅದು 1922ರಲ್ಲಿ ಆರಂಭವಾದದ್ದು. ಅದೇ ಫ್ರೆಸ್ನೋ ಲೇಖಕ ವಿಲಿಯಂ ಸರೋಯನ್ ಹುಟ್ಟಿದ ಊರು. ಅಲ್ಲಿನ ದ್ರಾಕ್ಷಿ ತೋಟಗಳಿಗೂ ಅರ್ಮೇನಿಯನ್ ಕುಟುಂಬಗಳಿಗೂ 19ನೇ ಶತಮಾನದ ಕೊನೆಯಿಂದಲೇ ನಂಟು.

ಬೇಕರಿಗಳ ಮುಖ್ಯ ಸಂಪಾದನೆ ಮಾತ್ರ ಲಹ್ಮಜುನ್. ತೆಳ್ಳನೆಯ ಹಿಟ್ಟಿನ ಬಿಲ್ಲೆಯ ಮೇಲೆ ಕೊಚ್ಚಿದ ಮಾಂಸ, ಟೊಮೇಟೊ, ಮೆಣಸಿನಕಾಯಿ, ಪಾರ್ಸ್ಲಿ ಸವರಿ ಸುಟ್ಟದ್ದು. ಇದನ್ನು ಬಿಡಿಯಾಗಿ ಕೊಳ್ಳುವವರು ಕಡಿಮೆ. ಡಜನ್ ಲೆಕ್ಕದಲ್ಲಿ ಒಯ್ದು ಫ್ರೀಜರಿನಲ್ಲಿಟ್ಟು, ಬೇಕಾದಾಗ ಬಿಸಿಮಾಡಿ, ನಿಂಬೆ ಹಿಂಡಿ, ಸುರುಳಿ ಸುತ್ತಿ ತಿನ್ನುತ್ತಾರೆ.

ಈ ಪುಟ್ಟ ಸಮುದಾಯದ ಅಡುಗೆಮನೆಯಿಂದ ಅಮೆರಿಕದ ದೊಡ್ಡ ಮಾರುಕಟ್ಟೆಗೆ ಹೋದ ಪದಾರ್ಥಗಳ ಕಥೆ ಇನ್ನೂ ಸ್ವಾರಸ್ಯ. ಸರ್ಕಿಸ್ ಮತ್ತು ರೋಸ್ ಕೊಲಂಬೋಸಿಯನ್ ದಂಪತಿ 1929ರಲ್ಲಿ ಮಸಾಚುಸೆಟ್ಸ್‌ನ ಆಂಡೋವರ್‌ನಲ್ಲಿ ತಮ್ಮ ಹಸುವಿನ ಹಾಲಿನಿಂದ ಮೊಸರು ಮಾಡಿ ಮಾರತೊಡಗಿದರು. ಅರ್ಮೇನಿಯನ್ನರು ಮೊಸರನ್ನು ಮಾದ್ಜೂನ್ ಎನ್ನುತ್ತಾರೆ. ಮೊದಲು ಗಿರಾಕಿಗಳು ಅವರ ಜನ ಮತ್ತು ಸುತ್ತಲಿನ ಗ್ರೀಕರು, ಸಿರಿಯನ್ನರು. ಮೊಸರು ಕುದುರೆ ಗಾಡಿಯಲ್ಲಿ ಮನೆಮನೆಗೆ ಹೋಗುತ್ತಿತ್ತು. ಅಮೆರಿಕದಲ್ಲಿ ವ್ಯಾಪಾರಕ್ಕೆಂದು ಮೊಸರು ತಯಾರಿಸಿದ ಮೊದಲಿಗರಲ್ಲಿ ಇವರು ಸೇರುತ್ತಾರೆ. ಮುಂದೆ ಆ ಮೊಸರು ಕೊಲಂಬೋ ಎಂಬ ಹೆಸರಿನಲ್ಲಿ ದೇಶವ್ಯಾಪಿ ಬ್ರಾಂಡ್ ಆಯಿತು. 1993ರಲ್ಲಿ ಜನರಲ್ ಮಿಲ್ಸ್ ಕಂಪನಿ ಅದನ್ನು ಕೊಂಡಿತು, 2010ರಲ್ಲಿ ನಿಲ್ಲಿಸಿತು. ಅರ್ಮೇನಿಯನ್ ಅಂಗಡಿಯಲ್ಲಿ ಮಾತ್ರ ದಪ್ಪ ಕೆನೆಯ ಮಾದ್ಜೂನ್, ಅದಕ್ಕೆ ನೀರು, ಉಪ್ಪು ಬೆರೆಸಿದ ‘ತಾನ್’ ಎಂಬ ಮಜ್ಜಿಗೆ ಇಂದಿಗೂ ಸಿಗುತ್ತವೆ. ಕೆಲವು ಬಾಟಲಿಗಳಲ್ಲಿ ಸೋಡಾ ತುಂಬಿದ ತಾನ್ ಇರುತ್ತದೆ. ತೆರೆಯುವಾಗ ಎಚ್ಚರ ಬೇಕು.

ಇನ್ನೊಂದು ಕಥೆಯ ನಾಯಕಿ ಪೈಲಾದ್ಜೊ ಕಪ್ತಾನಿಯನ್. 1915ರಲ್ಲಿ ಬಸುರಿಯಾಗಿದ್ದಾಗಲೇ ಮರುಭೂಮಿಯ ಕಡೆಗೆ ನಡೆಯಬೇಕಾಗಿ ಬಂದು, ಬದುಕುಳಿದು, ಆ ಅನುಭವವನ್ನು 1919ರಲ್ಲೇ ಪುಸ್ತಕವಾಗಿ ಬರೆದ ಹೆಣ್ಣುಮಗಳು. 1940ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಅವರ ಮನೆಯಲ್ಲಿ ಲೋಯಿಸ್ ಡಿಡೊಮೆನಿಕೊ ಎಂಬ ನವವಿವಾಹಿತೆ ಗಂಡನೊಡನೆ ಬಾಡಿಗೆಗಿದ್ದಳು. ಶಾವಿಗೆಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಅಕ್ಕಿ ಸೇರಿಸಿ, ಕೋಳಿ ಸಾರಿನಲ್ಲಿ ಬೇಯಿಸುವ ಪಿಲಾಫನ್ನು ಕಪ್ತಾನಿಯನ್ ಆಕೆಗೆ ಕಲಿಸಿದರು. ಲೋಯಿಸಳ ಗಂಡನ ಮನೆತನದ್ದು ಪಾಸ್ತಾ ಕಾರ್ಖಾನೆ. ಆ ಅಡುಗೆಯೇ ಪೊಟ್ಟಣಕ್ಕೆ ಸೇರಿ 1958ರಲ್ಲಿ ‘ರೈಸ್-ಅ-ರೋನಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, ಅಮೆರಿಕದ ಮನೆಮಾತಾಯಿತು. ಪೊಟ್ಟಣ ಬೇಡದವರಿಗೆ ಅರ್ಮೇನಿಯನ್ ಅಂಗಡಿಯಲ್ಲಿ ತುಂಡು ಶಾವಿಗೆ ಬೇರೆಯಾಗಿಯೇ ಸಿಗುತ್ತದೆ.

ಭಾರತೀಯರಿಗೆ ಹತ್ತಿರದ ಕಥೆ ನ್ಯೂಯಾರ್ಕಿನ ಕಲುಸ್ತ್ಯಾನ್ಸ್ ಅಂಗಡಿಯದು. ಕೆರೋಪ್ ಕಲುಸ್ತ್ಯಾನ್ ಎಂಬ ಅರ್ಮೇನಿಯನ್ 1944ರಲ್ಲಿ ಮ್ಯಾನ್‌ಹ್ಯಾಟನ್‌ನ ಲೆಕ್ಸಿಂಗ್ಟನ್ ಅವೆನ್ಯೂ ಪ್ರದೇಶದಲ್ಲಿ ತನ್ನ ಜನರಿಗೆ ಬೇಕಾದ ನುಚ್ಚು, ಒಣಹಣ್ಣು, ಮಸಾಲೆ ಮಾರಲು ಶುರುಮಾಡಿದ. ಅಮೆರಿಕ 1965ರಲ್ಲಿ ವಲಸೆ ಕಾಯ್ದೆ ಸಡಿಲಿಸಿದ ಮೇಲೆ ಭಾರತದ ವೈದ್ಯರು, ಎಂಜಿನಿಯರುಗಳು, ವಿದ್ಯಾರ್ಥಿಗಳು ಬರತೊಡಗಿದರು. ಬೇಳೆ, ಜೀರಿಗೆ, ಅರಿಸಿನ ಹುಡುಕಿಕೊಂಡು ಅವರು ಹೋದದ್ದು ಈ ಅಂಗಡಿಗೆ. ಸುತ್ತ ಭಾರತೀಯ ಹೋಟೆಲುಗಳು, ಸೀರೆ ಅಂಗಡಿಗಳು ಎದ್ದವು. ಇಂದು ಆ ಪ್ರದೇಶಕ್ಕೆ ಕರಿ ಹಿಲ್ ಎಂದೇ ಹೆಸರು. ಅಂಗಡಿ ಈಗ ಬಾಂಗ್ಲಾದೇಶ ಮೂಲದವರ ಕೈಯಲ್ಲಿದೆ, ಹೆಸರು ಮಾತ್ರ ಅರ್ಮೇನಿಯನ್ನನದೇ. ಭಾರತದ ನಂಟು ಅರ್ಮೇನಿಯನ್ನರಿಗೆ ಹೊಸದೂ ಅಲ್ಲ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಅಚ್ಚಾದದ್ದು 1794ರ ಮದ್ರಾಸಿನಲ್ಲಿ. ಅಲ್ಲಿನ ಅರ್ಮೇನಿಯನ್ ಬೀದಿ, ಚರ್ಚು ಈಗಲೂ ಇವೆ.

ಸಸ್ಯಾಹಾರಿಗಳಿಗೆ ಇಲ್ಲಿ ಕೊಳ್ಳಲು ಏನಿದೆ ಎಂಬ ಅನುಮಾನ ಬೇಡ. ಈಸ್ಟರಿಗೆ ಮುಂಚಿನ ದೀರ್ಘ ಉಪವಾಸದಲ್ಲಿ ಅರ್ಮೇನಿಯನ್ ಚರ್ಚು ಮಾಂಸ, ಮೊಟ್ಟೆಯನ್ನಷ್ಟೇ ಅಲ್ಲ, ಹಾಲು, ಬೆಣ್ಣೆಯನ್ನೂ ಬಿಡಲು ಹೇಳುತ್ತದೆ. ಶತಮಾನಗಳ ಈ ನೇಮದಿಂದ ಹುಟ್ಟಿದ ಅಡುಗೆಗಳು ಒಂದಕ್ಕಿಂತ ಒಂದು ರುಚಿ. ಇಸ್ತಾಂಬುಲ್‌ನ ಅರ್ಮೇನಿಯನ್ನರ ‘ತೊಪಿಕ್’ನಲ್ಲಿ ಕಾಬೂಲಿ ಕಡಲೆಯ ಕಣಕದೊಳಗೆ ಸಣ್ಣ ಉರಿಯಲ್ಲಿ ಬಾಡಿಸಿದ ಈರುಳ್ಳಿ, ತಹಿನಿ, ಒಣದ್ರಾಕ್ಷಿ, ಚಿಲ್ಗೋಜಾ, ದಾಲ್ಚಿನ್ನಿಯ ಹೂರಣ. ‘ವೊಸ್ಪೊವ್ ಕ್ಯುಫ್ತೆ’ಗೆ ಮಸೂರ್ ಬೇಳೆಯನ್ನು ಬೇಯಿಸಿ, ಸಣ್ಣ ಬುಲ್ಗುರ್ ಕಲಸಿ, ಬೆರಳಿನ ಅಚ್ಚು ಮೂಡುವಂತೆ ಮುಷ್ಟಿಯಲ್ಲಿ ಒತ್ತುತ್ತಾರೆ. ‘ಪಸುತ್ಸ್ ತೊಲ್ಮಾ’ದಲ್ಲಿ ಕಡಲೆ, ಹುರುಳಿಕಾಯಿ ಜಾತಿಯ ಕಾಳು, ಬೇಳೆ, ನುಚ್ಚುಗಳನ್ನು ಎಲೆಕೋಸಿನ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಅರ್ಮೇನಿಯಾದ ಬೆಟ್ಟಗಳ ಕಾಡುಸೊಪ್ಪು ‘ಅವೆಲುಕ್’ ಹೆಣ್ಣುಮಕ್ಕಳ ಜಡೆಯಷ್ಟು ಉದ್ದಕ್ಕೆ ಹೆಣೆದು ಒಣಗಿಸಿದ ರೂಪದಲ್ಲೇ ಬರುತ್ತದೆ. ಅದನ್ನು ಕುದಿಸಿ ಮೊದಲ ನೀರು ಚೆಲ್ಲಬೇಕು, ಇಲ್ಲವಾದರೆ ಕಹಿ.

ಉಪವಾಸ ಮುಗಿದು ಈಸ್ಟರ್ ಬಂದರೆ ಮಹ್ಲಬ್ ಹಾಕಿದ ‘ಚೋರೆಗ್’ ಎಂಬ ಸಿಹಿ ಬ್ರೆಡ್ಡಿನ ಸರದಿ. ಮನೆಯಲ್ಲೇ ಮಾಡುವವರು ಮಹ್ಲಬ್ ತಿರುಳನ್ನು ಇಡಿಯಾಗಿ ಕೊಂಡು ಆಗಿನದಾಗ ಪುಡಿ ಮಾಡಿಕೊಳ್ಳುವುದು ಒಳ್ಳೆಯದು. ಪುಡಿಯ ಪರಿಮಳ ಬೇಗ ಹಾರಿಹೋಗುತ್ತದೆ. ಬೇಕರಿಯದ್ದೇ ಸಾಕು ಎನ್ನುವವರು ಮುಂಚೆಯೇ ಹೇಳಿಡಬೇಕು.

ಸಿಹಿಗಳಲ್ಲಿ ಒಂದನ್ನು ಬಿಡಲಾಗದು. ಅಕ್ರೋಟಿನ ಹೋಳುಗಳನ್ನು ದಾರಕ್ಕೆ ಪೋಣಿಸಿ, ಹಿಟ್ಟು ಬೆರೆಸಿ ಗಟ್ಟಿ ಮಾಡಿದ ದ್ರಾಕ್ಷಿ ರಸದಲ್ಲಿ ಮತ್ತೆ ಮತ್ತೆ ಅದ್ದಿ, ತೂಗುಹಾಕಿ ಒಣಗಿಸಿದ ‘ಸುಜುಖ್’ ಕಪಾಟಿನ ಕೊಕ್ಕೆಗಳಲ್ಲಿ ತೂಗುತ್ತಿರುತ್ತದೆ. ಖಾರದ ಮಾಂಸದ ಸುರುಳಿಗೂ ಹೆಚ್ಚುಕಡಿಮೆ ಇದೇ ಹೆಸರಿರುವುದರಿಂದ ಸಸ್ಯಾಹಾರಿಗಳು ಕೇಳಿಯೇ ಕೊಳ್ಳಬೇಕು. ಅದೇ ದ್ರಾಕ್ಷಿ ಪಾಕವನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಒಣಗಿಸಿದ್ದು ‘ಬಸ್ತೆಘ್’. ಇನ್ನು, ಚಿಪ್ಪು ಗಟ್ಟಿಯಾಗುವ ಮುನ್ನವೇ ಕಿತ್ತ ಎಳೆಯ ಅಕ್ರೋಟುಗಳನ್ನು ಇಡಿಯಾಗಿ ಸಕ್ಕರೆ ಪಾಕದಲ್ಲಿಟ್ಟ ಕಪ್ಪು ಮುರಬ್ಬಾ. ಕಹಿ ಹೋಗಲು ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿ, ಸುಣ್ಣದ ನೀರಿನಲ್ಲಿ ಗಟ್ಟಿಗೊಳಿಸಿ ಮಾಡುವ ಕೆಲಸ ಅದು. ಬೆಲೆ ಹೆಚ್ಚೆನಿಸಿದರೂ ಕೊಡಬೇಕು.

ಊರು ಬದಲಾದರೆ ಅಂಗಡಿಯ ಕಪಾಟೂ ಬದಲಾಗುತ್ತದೆ. ಲಾಸ್ ಏಂಜಲೀಸಿಗೆ ಹೊಂದಿಕೊಂಡ ಗ್ಲೆಂಡೇಲ್ ನಗರದ ಸುಮಾರು ಎರಡು ಲಕ್ಷ ಜನರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಅರ್ಮೇನಿಯನ್ನರು. ಅಲ್ಲಿನ ಕಪಾಟುಗಳಲ್ಲಿ ಬೈರೂತಿಗಿಂತ ಯೆರೆವಾನ್ ಮತ್ತು ಟೆಹ್ರಾನ್ ಎದ್ದು ಕಾಣುತ್ತವೆ. ಚೀಟಿಗಳ ಮೇಲೆ ರಷ್ಯನ್ ಮತ್ತು ಫಾರ್ಸಿ ಅಕ್ಷರ. ಅಲ್ಲಿ ಸಿಗುವ ‘ಝಿಂಗಾಲೋವ್ ಹತ್ಸ್’ ನಗೋರ್ನೊ ಕರಬಾಖ್ ಸೀಮೆಯ ಸೊಪ್ಪಿನ ರೊಟ್ಟಿ. 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನ್ ಸೈನ್ಯ ಆ ಸೀಮೆಯನ್ನು ವಶಪಡಿಸಿಕೊಂಡಾಗ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಅರ್ಮೇನಿಯಾ ಸೇರಿದರು. ಅವರಲ್ಲಿ ಹಲವು ಹೆಂಗಸರು ಅಲ್ಲಿ ಈ ರೊಟ್ಟಿ ಸುಟ್ಟು ಮಾರಿ ಸಂಸಾರ ನಡೆಸುತ್ತಿದ್ದಾರೆ. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಹತ್ತು ಹದಿನೈದು ಬಗೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ತುಂಬಿ, ಅಂಚು ಕೂಡಿಸಿ, ದೋಣಿಯ ಆಕಾರಕ್ಕೆ ಒತ್ತಿ, ಎಣ್ಣೆಯಿಲ್ಲದ ಕಾವಲಿಯಲ್ಲಿ ಬೇಯಿಸುತ್ತಾರೆ. ಕರಬಾಖ್ ಬೆಟ್ಟದ ಕೆಲವು ಕಾಡುಸೊಪ್ಪುಗಳು ಕ್ಯಾಲಿಫೋರ್ನಿಯ ಪೇಟೆಯಲ್ಲಿ ಸಿಗುವುದಿಲ್ಲ. ಅಲ್ಲಿ ಪಾಲಕ್, ಬೀಟ್‌ರೂಟ್ ಸೊಪ್ಪು, ಈರುಳ್ಳಿ ಹೂ, ಕೊತ್ತಂಬರಿ, ಸಬ್ಬಸಿಗೆ ಸೇರಿಸಿ, ಹುಳಿಗೆ ಬೇಕಾದ ಸೊಪ್ಪನ್ನು ಸಿಕ್ಕಿದ ಕಡೆಯಿಂದ ತರಿಸಿಕೊಳ್ಳುತ್ತಾರೆ.